ಪೀಡೆನಾಶಕ ಮತ್ತು ಮೆದುಳು: ಮಲೆನಾಡಿನಲ್ಲಿ ಅಧ್ಯಯನಕ್ಕೆ ಇಳಿಯುವವರಿಗೆ ಹಂತಹಂತದ ಮಾರ್ಗದರ್ಶಿ

ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ ಕಡೆಯ ಓದುಗರು ಒಂದೇ ಬಗೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ತೋಟಕ್ಕೂ ಗದ್ದೆಗೂ ಹೊಡೆಯುವ ಔಷಧಿಯಿಂದ ಗರ್ಭದಲ್ಲಿರುವ ಮಗುವಿನ ಮೆದುಳಿಗೆ ತೊಂದರೆಯಾಗುತ್ತದೆಯೇ, ಹಿರಿಯರಲ್ಲಿ ಕಾಣುವ ಕೈನಡುಕಕ್ಕೂ ಮರೆವಿಗೂ ಅದೇ ಕಾರಣವೇ, ಇದನ್ನು ನಮ್ಮ ತಾಲ್ಲೂಕಿನಲ್ಲೇ ಅಧ್ಯಯನ ಮಾಡುವುದಾದರೆ ಎಲ್ಲಿಂದ ಆರಂಭಿಸಬೇಕು ಎಂಬುದು ಆ ಪ್ರಶ್ನೆ. ಕೇಳುವವರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ, ಕಾಲೇಜು ಅಧ್ಯಾಪಕರಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ವೈದ್ಯರೂ ಇದ್ದಾರೆ. ಅವರೆಲ್ಲರಿಗಾಗಿ ಈ ಲೇಖನ.

ಇಲ್ಲಿ ಪೀಡೆನಾಶಕ ಎಂದಾಗ ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ ಮೂರೂ ಸೇರಿವೆ ಎಂದು ತಿಳಿಯಿರಿ. ಒಡ್ಡಿಕೆ ಎಂದರೆ ಆ ವಸ್ತು ಚರ್ಮ, ಉಸಿರು, ನೀರು ಅಥವಾ ಆಹಾರದ ಮೂಲಕ ದೇಹವನ್ನು ತಲುಪುವುದು. ನರಕ್ಷಯ ಎಂದರೆ ಮೆದುಳಿನ ನರಕೋಶಗಳು ವರ್ಷಾನುಗಟ್ಟಲೆ ನಿಧಾನವಾಗಿ ಸಾಯುತ್ತಾ ಹೋಗುವುದು. ಪಾರ್ಕಿನ್ಸನ್, ಆಲ್‌ಝೈಮರ್ ಕಾಯಿಲೆಗಳು ಈ ಗುಂಪಿನವು.

ಕೆಲಸಕ್ಕೆ ಇಳಿಯುವ ಮೊದಲು ನಿಮಗೆ ಬೇಕಾದವು ಇಷ್ಟು: ಒಂದು ಮಾನ್ಯ ಸಂಸ್ಥೆಯ ಆಶ್ರಯ, ನರರೋಗ ಅಥವಾ ಮಕ್ಕಳ ಬೆಳವಣಿಗೆಯನ್ನು ಬಲ್ಲ ಒಬ್ಬ ವೈದ್ಯರ ಜೊತೆ, ಆರಂಭದಿಂದಲೇ ಕೈಜೋಡಿಸುವ ಸಂಖ್ಯಾಶಾಸ್ತ್ರಜ್ಞರು, ಮಾದರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಮತ್ತು ಕನಿಷ್ಠ ಒಂದು ಪೂರ್ಣ ಮಳೆಗಾಲವನ್ನು ಒಳಗೊಳ್ಳುವಷ್ಟು ಸಮಯ. ಜಿಲ್ಲೆಯಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ನರವಿಜ್ಞಾನದ ನೆರವಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕೃಷಿ ಬಲ್ಲವರು ಮತ್ತು ವೈದ್ಯರು ಒಂದೇ ತಂಡದಲ್ಲಿರಬೇಕು. ಇವರಲ್ಲಿ ಒಬ್ಬರಿಲ್ಲದಿದ್ದರೂ ಅಧ್ಯಯನ ಅರ್ಧವಾಗುತ್ತದೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

"ಪೀಡೆನಾಶಕದಿಂದ ಮೆದುಳಿಗೆ ಹಾನಿಯೇ?" ಎಂಬ ಪ್ರಶ್ನೆಗೆ ಯಾವ ಒಂದು ಅಧ್ಯಯನವೂ ಉತ್ತರಿಸಲಾರದು. ರಾಸಾಯನಿಕಗಳು ನೂರಾರು, ಅವು ದೇಹದಲ್ಲಿ ಕೆಲಸ ಮಾಡುವ ರೀತಿಯೂ ಬೇರೆ ಬೇರೆ. ಆದ್ದರಿಂದ ಯಾವ ರಾಸಾಯನಿಕ ಅಥವಾ ಯಾವ ಗುಂಪು, ಯಾರಿಗೆ, ಬದುಕಿನ ಯಾವ ಘಟ್ಟದಲ್ಲಿ, ಯಾವ ಪರಿಣಾಮ ಎಂಬ ನಾಲ್ಕನ್ನೂ ಹೆಸರಿಸುವ ಒಂದು ವಾಕ್ಯವನ್ನು ಮೊದಲು ಬರೆದುಕೊಳ್ಳಿ. "ಶುಂಠಿ ಕೆಲಸಕ್ಕೆ ಹೋಗುವ ಗರ್ಭಿಣಿಯರಲ್ಲಿ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ಒಡ್ಡಿಕೆಗೂ ಅವರ ಮಕ್ಕಳು ಒಂದು ವರ್ಷ ತುಂಬಿದಾಗ ತೋರುವ ಬೆಳವಣಿಗೆಗೂ ಸಂಬಂಧವಿದೆಯೇ" ಎಂಬುದು ಅಧ್ಯಯನ ಮಾಡಬಹುದಾದ ಪ್ರಶ್ನೆ.

ಈ ನಾಲ್ಕರಲ್ಲಿ ಹೆಚ್ಚಿನವರು ಮರೆಯುವುದು ಬದುಕಿನ ಘಟ್ಟವನ್ನು. ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ, ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಎಂದು ತಿಳಿಯುವ ಹೊತ್ತಿಗಾಗಲೇ, ಮುಚ್ಚಿಕೊಂಡಿರುತ್ತದೆ. ಅನಂತರದ ತಿಂಗಳುಗಳಲ್ಲಿ ನರಕೋಶಗಳು ಹುಟ್ಟಿ ತಮ್ಮ ತಮ್ಮ ಜಾಗಕ್ಕೆ ಸರಿಯುತ್ತವೆ, ಒಂದಕ್ಕೊಂದು ಜೋಡಣೆಯಾಗುತ್ತವೆ. ಈ ಜೋಡಣೆಯ ಕೆಲಸ ಹುಟ್ಟಿದ ಮೇಲೂ ವರ್ಷಗಟ್ಟಲೆ ನಡೆಯುತ್ತದೆ. ವಯಸ್ಕರಿಗೆ ಏನೂ ಅನ್ನಿಸದಷ್ಟು ಸಣ್ಣ ಪ್ರಮಾಣ ಆ ಘಟ್ಟದಲ್ಲಿ ಉಳಿಯುವಂಥ ವ್ಯತ್ಯಾಸ ಮಾಡಬಲ್ಲದು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಲೆಕ್ಕ ತಿರುಗುಮುರುಗು. ಕೈನಡುಕ ಕಾಣಿಸಿಕೊಳ್ಳುವ ಹೊತ್ತಿಗೆ ಮಿದುಳಕಾಂಡದ ಕಪ್ಪುಭಾಗದಲ್ಲಿ, ಮೈಯ ಚಲನೆಯನ್ನು ಹತೋಟಿಯಲ್ಲಿಡಲು ಬೇಕಾದ ಡೋಪಮಿನ್ ಎಂಬ ವಸ್ತುವನ್ನು ತಯಾರಿಸುವ ನರಕೋಶಗಳ ದೊಡ್ಡ ಪಾಲು ಆಗಲೇ ನಾಶವಾಗಿರುತ್ತದೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸುವುದು ಇವೆಲ್ಲ ನಡುಕಕ್ಕಿಂತ ವರ್ಷಗಳ ಮೊದಲೇ ಶುರುವಾಗಿರಬಹುದು. ಹಾಗಾಗಿ ಇಂದು ಎಪ್ಪತ್ತು ದಾಟಿದ ರೋಗಿಯ ವಿಷಯದಲ್ಲಿ ನಿಮಗೆ ಬೇಕಾದುದು ಅವರ ಯೌವನದ, ನಡುವಯಸ್ಸಿನ ಒಡ್ಡಿಕೆಯ ಮಾಹಿತಿ. ಈ ವರ್ಷ ತೋಟಕ್ಕೆ ಏನು ಹೊಡೆದರು ಎಂಬುದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಹಂತ 2: ಈಗಾಗಲೇ ತಿಳಿದಿರುವುದನ್ನು ಓದಿಕೊಳ್ಳಿ

ಸಂಶೋಧನಾ ಲೇಖನಗಳನ್ನು ಹುಡುಕುವ ಜಾಲತಾಣಗಳಾದ ಪಬ್‌ಮೆಡ್ ಮತ್ತು ಗೂಗಲ್ ಸ್ಕಾಲರ್‌ನಲ್ಲಿ ರಾಸಾಯನಿಕದ ಹೆಸರು ಹಾಗೂ ಪರಿಣಾಮದ ಹೆಸರನ್ನು ಜೊತೆಗಿಟ್ಟು ಹುಡುಕಿ. ವ್ಯಾಪಾರಿ ಹೆಸರಿನಿಂದ ಹುಡುಕಿದರೆ ಏನೂ ಸಿಗುವುದಿಲ್ಲ. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿರುವ ಸಕ್ರಿಯ ವಸ್ತುವಿನ ಹೆಸರೇ ಬೇಕು.

ಮಕ್ಕಳ ಮೆದುಳಿನ ಬಗ್ಗೆ ಅತಿ ಹೆಚ್ಚು ಅಧ್ಯಯನವಾಗಿರುವುದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳ ಕುರಿತು. ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್, ಮೊನೊಕ್ರೊಟೊಫಾಸ್ ಈ ಗುಂಪಿನವು. ನರಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಕೆಲಸ ಮುಗಿದೊಡನೆ ಒಡೆದುಹಾಕುವ ಒಂದು ಕಿಣ್ವವಿದೆ. ಅದರ ಹೆಸರು ಕೋಲಿನೆಸ್ಟರೇಸ್. ಈ ಕೀಟನಾಶಕಗಳು ಅದನ್ನೇ ಕಟ್ಟಿಹಾಕುತ್ತವೆ. ಆದರೆ ಬೆಳೆಯುವ ಮೆದುಳಿನಲ್ಲಿ ಈ ಕಿಣ್ವ ಅಷ್ಟಾಗಿ ಕುಗ್ಗದ ಪ್ರಮಾಣದಲ್ಲೂ ಪರಿಣಾಮಗಳು ಕಂಡಿರುವುದೇ ವಿಜ್ಞಾನಿಗಳ ಆತಂಕಕ್ಕೆ ಕಾರಣ.

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಕೃಷಿ ಕಾರ್ಮಿಕ ಕುಟುಂಬಗಳಲ್ಲಿ ಬ್ರೆಂಡಾ ಎಸ್ಕೆನಾಝಿ ಅವರ ನೇತೃತ್ವದಲ್ಲಿ ಆರಂಭವಾದ ಚಾಮಕೋಸ್ ಅಧ್ಯಯನವನ್ನು ನೀವು ಪೂರ್ತಿ ಓದಲೇಬೇಕು. 1999-2000ರಲ್ಲಿ 601 ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಮೂತ್ರದಲ್ಲಿ ಆರ್ಗನೋಫಾಸ್ಫೇಟ್‌ನ ಒಡೆದ ಅಂಶಗಳನ್ನು ಅಳೆದು, ಮಕ್ಕಳನ್ನು ಹಿಂಬಾಲಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗರ್ಭಾವಸ್ಥೆಯಲ್ಲಿ ಅತಿ ಹೆಚ್ಚು ಒಡ್ಡಿಕೆಯಿದ್ದ ಐದನೇ ಒಂದು ಭಾಗದ ತಾಯಂದಿರ ಮಕ್ಕಳ ಬುದ್ಧಿಮತ್ತೆಯ ಅಂಕ, ಏಳನೇ ವಯಸ್ಸಿನಲ್ಲಿ, ಅತಿ ಕಡಿಮೆ ಒಡ್ಡಿಕೆಯಿದ್ದ ಐದನೇ ಒಂದು ಭಾಗದವರಿಗಿಂತ ಸರಾಸರಿ 7ರಷ್ಟು ಕಡಿಮೆಯಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕ್ಲೋರ್‌ಪೈರಿಫಾಸ್ ಅಳೆದು ಇದೇ ದಿಕ್ಕಿನ ಫಲಿತಾಂಶ ಪಡೆಯಿತು; 2012ರಲ್ಲಿ 40 ಮಕ್ಕಳ ಮೆದುಳಿನ ಎಂಆರ್‌ಐ ತೆಗೆದು ರಚನೆಯಲ್ಲೂ ವ್ಯತ್ಯಾಸಗಳನ್ನು ವರದಿ ಮಾಡಿತು. ಯುರೋಪಿಯನ್ ಒಕ್ಕೂಟ 2020ರಲ್ಲಿ ಕ್ಲೋರ್‌ಪೈರಿಫಾಸ್‌ನ ಪರವಾನಗಿಯನ್ನು ನವೀಕರಿಸಲಿಲ್ಲ. 2025ರಲ್ಲಿ ಅದು, ಕೆಲವು ವಿನಾಯಿತಿಗಳೊಡನೆ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು.

ನಮ್ಮ ಕಡೆಯ ಪರಿಸ್ಥಿತಿಗೆ ಇನ್ನೂ ಹತ್ತಿರವಾದ ಅಧ್ಯಯನ ನಡೆದಿರುವುದು ಮಧ್ಯ ಅಮೆರಿಕದ ಕೋಸ್ಟರಿಕಾದ ಬಾಳೆ ತೋಟಗಳ ನಡುವೆ. ಅಲ್ಲಿನ ಮಟೀನಾ ಪ್ರದೇಶದಲ್ಲಿ ವಿಮಾನದಿಂದ ಮ್ಯಾಂಕೋಜೆಬ್ ಸಿಂಪಡಿಸುವ ತೋಟಗಳ ಪಕ್ಕ ವಾಸಿಸುವ ಗರ್ಭಿಣಿಯರನ್ನು 2010ರಿಂದ ಹಿಂಬಾಲಿಸಲಾಗಿದೆ. ಮ್ಯಾಂಕೋಜೆಬ್‌ನಲ್ಲಿ ಮ್ಯಾಂಗನೀಸ್ ಇದೆ, ಅದು ಹೆಚ್ಚಾದರೆ ಮೆದುಳಿಗೆ ವಿಷ. ಮ್ಯಾಂಕೋಜೆಬ್ ಒಡೆದಾಗ ಉಂಟಾಗುವ ಇಟಿಯು ಎಂಬ ವಸ್ತು ಥೈರಾಯಿಡ್ ಹಾರ್ಮೋನು ತಯಾರಿಕೆಗೆ ಅಡ್ಡಿ ಮಾಡುತ್ತದೆ, ಭ್ರೂಣದ ಮೆದುಳು ಬೆಳೆಯಲು ತಾಯಿಯ ಥೈರಾಯಿಡ್ ಹಾರ್ಮೋನು ಅತ್ಯಗತ್ಯ. ಶಿಲೀಂಧ್ರನಾಶಕವೇ ಮುಖ್ಯವಾಗಿರುವ ಅಡಿಕೆ ಮತ್ತು ಶುಂಠಿಯ ನಾಡಿಗೆ, ನನ್ನ ಅಭಿಪ್ರಾಯದಲ್ಲಿ, ಕೀಟನಾಶಕದ ಅಧ್ಯಯನಗಳಿಗಿಂತ ಇದು ಹೆಚ್ಚು ಪಾಠ ಕಲಿಸುತ್ತದೆ.

ನರಕ್ಷಯದ ಕಡೆಗೆ ಬಂದರೆ, ಕಥೆ ಆರಂಭವಾಗುವುದು ಕ್ಯಾಲಿಫೋರ್ನಿಯಾದಲ್ಲಿ. ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಜನರು 1982ರಲ್ಲಿ ಇದ್ದಕ್ಕಿದ್ದಂತೆ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿದರು. ಅದಕ್ಕೆ ಎಂಪಿಟಿಪಿ ಎಂಬ ಕಲ್ಮಶ ಕಾರಣವೆಂದು ವಿಲಿಯಂ ಲ್ಯಾಂಗ್‌ಸ್ಟನ್ ಅವರ ತಂಡ 1983ರಲ್ಲಿ ತೋರಿಸಿತು. ದೇಹದೊಳಗೆ ಅದು ಮಾರ್ಪಟ್ಟು ಉಂಟಾಗುವ ವಸ್ತುವಿನ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಹೋಲುತ್ತಿದ್ದುದರಿಂದ ಸಂಶೋಧಕರ ಕಣ್ಣು ತೋಟಗಳತ್ತ ತಿರುಗಿತು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಕೆಲಸವನ್ನು ತಡೆಯುವ ರೊಟೆನೋನ್ ಎಂಬ ಕೀಟನಾಶಕವನ್ನು ಇಲಿಗಳಿಗೆ ಕೊಟ್ಟಾಗ ಪಾರ್ಕಿನ್ಸನ್‌ನಂಥ ಬದಲಾವಣೆಗಳು ಉಂಟಾದುದನ್ನು 2000ದಲ್ಲಿ ವರದಿ ಮಾಡಲಾಯಿತು. ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ 1993ರಲ್ಲಿ ಆರಂಭವಾದ ಕೃಷಿ ಆರೋಗ್ಯ ಅಧ್ಯಯನದೊಳಗೆ 110 ರೋಗಿಗಳನ್ನು 358 ಆರೋಗ್ಯವಂತರೊಡನೆ ಹೋಲಿಸಿದ 2011ರ ವರದಿಯಲ್ಲಿ, ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸಾಧ್ಯತೆಯ ಅನುಪಾತ 2.5, ಅಂದರೆ ಬಳಸದವರಿಗಿಂತ ಸುಮಾರು ಎರಡೂವರೆ ಪಟ್ಟು, ಎಂದು ಬಂತು. ಅದೇ ಸಮೂಹವನ್ನು ಇನ್ನಷ್ಟು ವರ್ಷ ಹಿಂಬಾಲಿಸಿದ 2020ರ ವರದಿಯಲ್ಲಿ ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡಾಗ ಆ ಸಂಬಂಧ ಸ್ಪಷ್ಟವಾಗಿ ಕಾಣಲಿಲ್ಲ. ತಲೆಗೆ ಪೆಟ್ಟು ಬಿದ್ದ ಇತಿಹಾಸವಿದ್ದವರಲ್ಲಿ ಕಂಡಿತು. ಎರಡನ್ನೂ ಓದಿ, ಎರಡನ್ನೂ ನಿಮ್ಮ ಬರವಣಿಗೆಯಲ್ಲಿ ಉಲ್ಲೇಖಿಸಿ. ಫ್ರಾನ್ಸ್ 2012ರಲ್ಲಿ ಪೀಡೆನಾಶಕಕ್ಕೆ ಒಡ್ಡಿಕೊಂಡ ಕೃಷಿಕರ ಪಾರ್ಕಿನ್ಸನ್ ಕಾಯಿಲೆಯನ್ನು ವೃತ್ತಿಜನ್ಯ ರೋಗವೆಂದು ಮಾನ್ಯ ಮಾಡಿದೆ.

ಆಲ್‌ಝೈಮರ್ ಬಗ್ಗೆ ಪುರಾವೆ ಇಷ್ಟು ಗಟ್ಟಿಯಾಗಿಲ್ಲ. ಡಿಡಿಟಿಯ ಒಡೆದ ಅಂಶವಾದ ಡಿಡಿಇ ರೋಗಿಗಳ ರಕ್ತದಲ್ಲಿ ಹೆಚ್ಚಿತ್ತೆಂಬ 2014ರ ವರದಿಯಿಂದ ಓದನ್ನು ಆರಂಭಿಸಬಹುದು.

ಎಚ್ಚರಿಕೆ: ಸಾರಾಂಶ ಮಾತ್ರ ಓದಿ ನಿಲ್ಲಬೇಡಿ, ಅಧ್ಯಯನಕ್ಕೆ ಹಣ ಕೊಟ್ಟವರು ಯಾರೆಂದು ನೋಡದೆ ಮುಂದೆ ಹೋಗಬೇಡಿ. ತಯಾರಕರ ಪರವಾಗಿ ನಡೆದ ಕ್ಲೋರ್‌ಪೈರಿಫಾಸ್‌ನ ಪ್ರಾಣಿ ಪರೀಕ್ಷೆಯ ಮೂಲ ಅಂಕಿಗಳನ್ನು ಸ್ವತಂತ್ರ ವಿಜ್ಞಾನಿಗಳು 2018ರಲ್ಲಿ ಮತ್ತೆ ಪರಿಶೀಲಿಸಿದಾಗ, ಕಡಿಮೆ ಪ್ರಮಾಣದಲ್ಲೂ ಮರಿಗಳ ಕಿರುಮೆದುಳಿನಲ್ಲಿ ಕಂಡ ಬದಲಾವಣೆ ಮೂಲ ವರದಿಯ ತೀರ್ಮಾನದಲ್ಲಿ ಸೇರಿರಲಿಲ್ಲವೆಂದು ತೋರಿಸಿದರು.

ಹಂತ 3: ನಿಮ್ಮ ಊರಿನ ಔಷಧಿಗಳ ಪಟ್ಟಿ ಮಾಡಿ

ಇದಕ್ಕೆ ರಕ್ತವೂ ಬೇಡ, ದೊಡ್ಡ ಹಣವೂ ಬೇಡ. ಪದವಿ ವಿದ್ಯಾರ್ಥಿಗಳು ಈ ಒಂದು ಹಂತವನ್ನು ಚೆನ್ನಾಗಿ ಮಾಡಿದರೂ ಅದು ಉಪಯುಕ್ತ ಕೆಲಸವೇ. ರೈತ ಸಂಪರ್ಕ ಕೇಂದ್ರ, ಔಷಧಿ ಅಂಗಡಿ, ಸಹಕಾರ ಸಂಘ ಮತ್ತು ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಖಾಲಿ ಡಬ್ಬ, ಇವೇ ನಿಮ್ಮ ಆಕರ. ಫರೀದಾಬಾದಿನ ಕೇಂದ್ರೀಯ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯು ನೋಂದಾಯಿತ ಹಾಗೂ ನಿಷೇಧಿತ ರಾಸಾಯನಿಕಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ನಿಮ್ಮ ಪಟ್ಟಿಯನ್ನು ಅದರೊಡನೆ ಹೋಲಿಸಿ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಎಲೆಚುಕ್ಕೆ ರೋಗಕ್ಕೆ ಪ್ರೊಪಿಕೊನಜೋಲ್, ಟೆಬುಕೊನಜೋಲ್, ಮ್ಯಾಂಕೋಜೆಬ್‌ನಂಥವು, ಶುಂಠಿಗೆ ಮ್ಯಾಂಕೋಜೆಬ್ ಮತ್ತು ಮೆಟಲಾಕ್ಸಿಲ್, ಕಾಫಿಯ ಕಾಂಡಕೊರಕಕ್ಕೂ ಮನೆಯ ಗೆದ್ದಲಿಗೂ ಕ್ಲೋರ್‌ಪೈರಿಫಾಸ್, ಕಳೆಗೆ ಗ್ಲೈಫೊಸೇಟ್ ಅಥವಾ ಪ್ಯಾರಾಕ್ವಾಟ್. ಪಟ್ಟಿ ಇಲ್ಲಿಗೆ ನಿಲ್ಲಬಾರದು. ಮಂಗನ ಕಾಯಿಲೆಯ ಪ್ರದೇಶಗಳಲ್ಲಿ ಮಂಗ ಸತ್ತ ಜಾಗದ ಸುತ್ತ ಉಣ್ಣೆ ನಿಯಂತ್ರಣಕ್ಕೆ ಮೆಲಾಥಿಯಾನ್ ಪುಡಿ ಎರಚುವ ಪದ್ಧತಿಯಿದೆ. ಸೊಳ್ಳೆಬತ್ತಿ, ಇರುವೆ ಪುಡಿ, ದನದ ಉಣ್ಣೆಗೆ ಹಚ್ಚುವ ಔಷಧಿ ಇವೆಲ್ಲವೂ ಒಡ್ಡಿಕೆಗಳೇ. ಹಿರಿಯರನ್ನು ಅಧ್ಯಯನ ಮಾಡುವಾಗ ಈಗ ಇಲ್ಲದವನ್ನೂ ಸೇರಿಸಿ: 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆಗೋಡೆಗಳಿಗೆ ಹೊಡೆದ ಡಿಡಿಟಿ, ಗದ್ದೆಗೆ ಎರಚಿದ ಬಿಎಚ್‌ಸಿ ಪುಡಿ, 2011ರಲ್ಲಿ ನಿಂತ ಎಂಡೋಸಲ್ಫಾನ್, 2020ರ ಕೊನೆಗೆ ನಿಷೇಧವಾದ ಫೋರೇಟ್.

ಎಚ್ಚರಿಕೆ: ಡಬ್ಬದ ಮೇಲಿನ ಬಣ್ಣದ ತ್ರಿಕೋನವನ್ನು ಮೆದುಳಿನ ಅಪಾಯದ ಅಳತೆಯೆಂದು ತಿಳಿಯಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಎಂಬ ಕ್ರಮವು ಒಮ್ಮೆಗೆ ದೇಹ ಸೇರಿದರೆ ಸಾವು ತರುವ ಶಕ್ತಿಯನ್ನು ಮಾತ್ರ ಸೂಚಿಸುತ್ತದೆ. ಮ್ಯಾಂಕೋಜೆಬ್‌ಗೆ ಇರುವುದು ಹಸಿರು ತ್ರಿಕೋನ. ನಿಧಾನವಾಗಿ, ವರ್ಷಗಟ್ಟಲೆ ಅಥವಾ ಗರ್ಭದಲ್ಲಿ ಆಗುವ ಪರಿಣಾಮದ ಬಗ್ಗೆ ಆ ಬಣ್ಣ ಏನನ್ನೂ ಹೇಳುವುದಿಲ್ಲ.

ಹಂತ 4: ಅಧ್ಯಯನದ ವಿನ್ಯಾಸವನ್ನು ಆರಿಸಿಕೊಳ್ಳಿ

ಮಕ್ಕಳ ಬೆಳವಣಿಗೆಗೆ ಸಮೂಹ ಅಧ್ಯಯನ ಸೂಕ್ತ. ಗರ್ಭಿಣಿಯರನ್ನು ಮೊದಲೇ ಸೇರಿಸಿಕೊಂಡು, ಒಡ್ಡಿಕೆಯನ್ನು ಆಗಲೇ ಅಳೆದು, ಮಕ್ಕಳನ್ನು ಮುಂದಕ್ಕೆ ಹಿಂಬಾಲಿಸುವುದು ಇದರ ಕ್ರಮ. ಪಾರ್ಕಿನ್ಸನ್‌ನಂಥ ಅಪರೂಪದ ಕಾಯಿಲೆಗೆ ಪ್ರಕರಣ-ಹೋಲಿಕೆ ಅಧ್ಯಯನ ಕೈಗೆಟುಕುವಂಥದ್ದು. ಇದರಲ್ಲಿ ರೋಗವಿರುವವರನ್ನೂ, ಅದೇ ವಯಸ್ಸಿನ, ಅದೇ ಪ್ರದೇಶದ ರೋಗವಿಲ್ಲದವರನ್ನೂ ಆರಿಸಿ ಇಬ್ಬರ ಹಿಂದಿನ ಒಡ್ಡಿಕೆಯನ್ನು ಹೋಲಿಸುತ್ತೇವೆ. ಒಂದೇ ದಿನ ಊರಿಗೆ ಹೋಗಿ ಒಡ್ಡಿಕೆ, ಪರಿಣಾಮ ಎರಡನ್ನೂ ಅಳೆದು ಬರುವ ಅಧ್ಯಯನದಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯದು.

ಹೋಲಿಕೆಯ ಊರನ್ನು ಆರಿಸುವಾಗ ಆಹಾರ, ಜಾತಿ-ಸಮುದಾಯ, ಶಾಲೆಯ ದೂರ, ಆದಾಯ ಇವೆಲ್ಲ ಸರಿಸುಮಾರು ಒಂದೇ ಆಗಿದ್ದು ಸಿಂಪಡಣೆ ಮಾತ್ರ ಬೇರೆಯಾಗಿರಬೇಕು. ಕಾಸರಗೋಡು ಜಿಲ್ಲೆಯ ಪಡ್ರೆಯಲ್ಲಿ ಗೇರುತೋಟಗಳಿಗೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಪರಿಣಾಮವನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ಮಾಡಿದಾಗ, ಸಿಂಪಡಣೆಯಾಗದ ಇನ್ನೊಂದು ಹಳ್ಳಿಯ ಮಕ್ಕಳನ್ನು ಹೋಲಿಕೆಗೆ ತೆಗೆದುಕೊಂಡಿತ್ತು. ಕೆಳಗಿನ ಬಯಲುಸೀಮೆಯ ಊರೊಂದನ್ನು ಮಲೆನಾಡಿನ ಊರಿಗೆ ಹೋಲಿಸಿದರೆ ನೀವು ಏನನ್ನು ಅಳೆಯುತ್ತಿದ್ದೀರಿ ಎಂಬುದೇ ತಿಳಿಯದಂತಾಗುತ್ತದೆ.

ಎಷ್ಟು ಜನ ಬೇಕೆಂಬುದನ್ನು ಸಂಖ್ಯಾಶಾಸ್ತ್ರಜ್ಞರ ಜೊತೆ ಕುಳಿತು ಮೊದಲೇ ಲೆಕ್ಕ ಹಾಕಿ. ಜನ ಕಡಿಮೆಯಿದ್ದಾಗ "ಸಂಬಂಧ ಕಂಡುಬರಲಿಲ್ಲ" ಎಂಬ ಫಲಿತಾಂಶಕ್ಕೆ ಅರ್ಥವಿಲ್ಲ, ಆದರೆ ಅದನ್ನು ಸುರಕ್ಷತೆಯ ಪುರಾವೆಯೆಂದು ಬಳಸುವವರು ಇದ್ದೇ ಇರುತ್ತಾರೆ.

ಹಂತ 5: ಒಡ್ಡಿಕೆಯನ್ನು ಅಳೆಯಿರಿ

ಇಡೀ ಅಧ್ಯಯನದ ತೂಕ ಇರುವುದು ಇಲ್ಲಿ. ಮೆದುಳಿನ ಪರೀಕ್ಷೆಗಳಿಗೆ ದಶಕಗಳಿಂದ ಪಳಗಿದ ವಿಧಾನಗಳಿವೆ, ಲೆಕ್ಕಾಚಾರಕ್ಕೆ ಗಣಕಯಂತ್ರವಿದೆ. ಯಾರ ಮೈಗೆ ಯಾವುದು ಯಾವಾಗ ಎಷ್ಟು ತಾಗಿತು ಎಂಬುದಕ್ಕೆ ಮಾತ್ರ ನೀವೇ ಬೆವರು ಸುರಿಸಬೇಕು. ಇಲ್ಲಿ ಸಡಿಲ ಬಿಟ್ಟರೆ ಮುಂದಿನ ಯಾವ ಜಾಣ್ಮೆಯೂ ಅದನ್ನು ಸರಿಪಡಿಸಲಾರದು.

ಪ್ರಶ್ನಾವಳಿಯಿಂದ ಆರಂಭಿಸಿ. "ನೀವು ಪೀಡೆನಾಶಕ ಬಳಸುತ್ತೀರಾ?" ಎಂದು ಕೇಳಬೇಡಿ. "ತೋಟಕ್ಕೆ ಔಷಧಿ ಹೊಡೆಸುತ್ತೀರಾ, ಯಾವುದು, ಯಾರು ಹೊಡೆಯುತ್ತಾರೆ" ಎಂದು ಕೇಳಿ, ಡಬ್ಬ ಮತ್ತು ಪೊಟ್ಟಣಗಳ ಚಿತ್ರಗಳನ್ನು ಮುಂದಿಟ್ಟು ತೋರಿಸಿ. ಕೊಳೆ ಔಷಧಿ ಎಂದರೆ ಹೆಚ್ಚಿನ ಮನೆಗಳಲ್ಲಿ ಬೋರ್ಡೋ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಕತ್ತಿಯನ್ನು ಅದ್ದಿ, ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುವುದು. ತಾಮ್ರದ ಈ ದ್ರಾವಣವನ್ನು ಮಾತ್ರ ಬಳಸುವವರನ್ನೂ ಎಲೆಚುಕ್ಕೆಗೆ ಮ್ಯಾಂಕೋಜೆಬ್ ಸೇರಿಸಿ ಹೊಡೆಯುವವರನ್ನೂ "ಸಿಂಪಡಿಸುವವರು" ಎಂಬ ಒಂದೇ ಗುಂಪಿಗೆ ಹಾಕಿದರೆ, ಇರುವ ಸಂಬಂಧವೂ ಕರಗಿ ಮಾಯವಾಗುತ್ತದೆ. ತಪ್ಪು ವರ್ಗೀಕರಣ ಎಂದು ಕರೆಯುವುದು ಇದನ್ನೇ.

ಯಾರ ಮೈಗೆ ತಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ ತಿಳಿಯಿರಿ. ಮರದ ಮೇಲೆ ಕುಳಿತು ಗೊನೆಗೆ ಹೊಡೆಯುವ ಕೊನೆಗಾರರ ತಲೆ, ಭುಜಗಳ ಮೇಲೆ ಪಕ್ಕದ ಮರದ ಹನಿ ಸುರಿಯುತ್ತದೆ. ಕೆಳಗೆ ಡ್ರಮ್ಮಿನ ಬಳಿ ಔಷಧಿ ಕಲಸುವವರ ಕೈಗೆ ನೀರು ಬೆರೆಸದ ಗಟ್ಟಿ ದ್ರಾವಣವೇ ತಾಗುತ್ತದೆ. ಬಿತ್ತನೆ ಶುಂಠಿಯನ್ನು ಮ್ಯಾಂಕೋಜೆಬ್ ನೀರಿನಲ್ಲಿ ಅದ್ದಿ ತೆಗೆದು ನೆರಳಿನಲ್ಲಿ ಹರಡುವ ಕೆಲಸಕ್ಕೆ ಹೆಂಗಸರು ಕುಳಿತರೆ, ಮೊಣಕೈವರೆಗೆ ಹಳದಿ ಪುಡಿ ಅಂಟಿಕೊಂಡಿರುತ್ತದೆ. ಅವರಲ್ಲಿ ಯಾರನ್ನು ಕೇಳಿದರೂ "ನಾನು ಔಷಧಿ ಹೊಡೆಯುವುದಿಲ್ಲ" ಎಂದೇ ಹೇಳುತ್ತಾರೆ, ಮತ್ತು ಅದು ನಿಜವೂ ಹೌದು. ಸಿಂಪಡಿಸಿದ ಬಟ್ಟೆ ಒಗೆಯುವವರು ಯಾರು, ಪಂಪು ತೊಳೆದ ನೀರು ಎಲ್ಲಿಗೆ ಹರಿಯುತ್ತದೆ, ಸಿಂಪಡಿಸಿದ ಎಷ್ಟು ದಿನಕ್ಕೆ ಕಳೆ ಕೀಳಲು ಇಳಿಯುತ್ತಾರೆ ಎಂಬ ಪ್ರಶ್ನೆಗಳಿಲ್ಲದ ಪ್ರಶ್ನಾವಳಿ ಗಂಡಸರದ್ದು ಮಾತ್ರ ಆಗುತ್ತದೆ.

ಕುಡಿಯುವ ನೀರಿನ ಮೂಲವನ್ನೂ ನಕ್ಷೆಯಲ್ಲಿ ಗುರುತಿಸಿ. ಗುಡ್ಡದ ಮೇಲಿನಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಕುಡಿಯುವ ಮನೆಗೂ, ತೋಟದ ತಗ್ಗಿನಲ್ಲಿರುವ ತೆರೆದ ಬಾವಿಯನ್ನು ನೆಚ್ಚಿದ ಮನೆಗೂ ಒಡ್ಡಿಕೆ ಒಂದೇ ಇರುವುದಿಲ್ಲ.

ಹಿಂದಿನ ವರ್ಷಗಳ ನೆನಪನ್ನು ತೆಗೆಯಲು ಬದುಕಿನ ಪಂಚಾಂಗವೊಂದನ್ನು ತಯಾರಿಸಿ. ಇಸವಿ ಕೇಳಿದರೆ ಉತ್ತರ ಸಿಗುವುದು ಕಷ್ಟ. ಮದುವೆ, ಹಿರಿಯ ಮಗನ ಹುಟ್ಟು, ಮನೆಗೆ ಹೆಂಚು ಹೊದಿಸಿದ್ದು, ಲಿಂಗನಮಕ್ಕಿ ನೀರು ತುಂಬಿ ಊರು ಬಿಟ್ಟದ್ದು ಇಂಥ ಗುರುತುಗಳನ್ನು ಇಟ್ಟುಕೊಂಡು ಕೇಳಿದರೆ ಒಂದೊಂದೇ ಹೊರಬರುತ್ತದೆ. ವರ್ಷದೊಳಗಿನ ಕಾಲಕ್ಕೆ ಮಳೆ ನಕ್ಷತ್ರಗಳೇ ಸಾಕು. ಮೊದಲ ಔಷಧಿ ಮೃಗಶಿರಕ್ಕೋ ಆರಿದ್ರೆಗೋ, ಎರಡನೆಯದು ಯಾವ ಮಳೆ ಹೊಳವಾದಾಗ ಎಂದು ಕೇಳಿದರೆ ಹಿರಿಯರು ನಿಖರವಾಗಿ ಹೇಳುತ್ತಾರೆ, ಮತ್ತು ಗರ್ಭದ ತಿಂಗಳುಗಳೊಡನೆ ಅದನ್ನು ಹೊಂದಿಸಿ ನೋಡಬಹುದು.

ಇನ್ನು ಜೀವಸೂಚಕಗಳು, ಅಂದರೆ ರಕ್ತ, ಮೂತ್ರ, ಕೂದಲಿನಲ್ಲಿ ಅಳೆಯಬಹುದಾದ ಗುರುತುಗಳು. ಆರ್ಗನೋಫಾಸ್ಫೇಟ್‌ಗಳು ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತವೆ. ಆದ್ದರಿಂದ ಒಂದು ಬಾರಿ ತೆಗೆದ ಮೂತ್ರ ಕಳೆದ ಒಂದೆರಡು ದಿನಗಳ ಕಥೆ ಮಾತ್ರ ಹೇಳುತ್ತದೆ. ಸಿಂಪಡಣೆಗೆ ಮೊದಲು, ಸಿಂಪಡಣೆಯ ದಿನಗಳಲ್ಲಿ, ಬೇಸಿಗೆಯಲ್ಲಿ ಎಂದು ಹಲವು ಬಾರಿ ತೆಗೆಯಬೇಕು. ಡಯಾಲ್ಕೈಲ್ ಫಾಸ್ಫೇಟ್‌ಗಳು ಇಡೀ ಗುಂಪಿನ ಗುರುತಾದರೆ, ಟಿಸಿಪಿ ಎಂಬುದು ಕ್ಲೋರ್‌ಪೈರಿಫಾಸ್ ಮತ್ತು ಅದರ ಹತ್ತಿರದ ಬಂಧುಗಳನ್ನು ಮಾತ್ರ ಸೂಚಿಸುತ್ತದೆ. ಮ್ಯಾಂಕೋಜೆಬ್‌ಗೆ ಮೂತ್ರದ ಇಟಿಯು, ಜೊತೆಗೆ ಕೂದಲು ಅಥವಾ ರಕ್ತದ ಮ್ಯಾಂಗನೀಸ್. ಡಿಡಿಟಿಯಂಥ ಹಳೆಯ ಆರ್ಗನೋಕ್ಲೋರಿನ್‌ಗಳು ಮಾತ್ರ ಕೊಬ್ಬಿನಲ್ಲಿ ಕುಳಿತು ವರ್ಷಗಟ್ಟಲೆ ಉಳಿಯುವುದರಿಂದ ಒಂದು ರಕ್ತಪರೀಕ್ಷೆಯೂ ಹಿಂದಿನದನ್ನು ತೋರಿಸಬಲ್ಲದು.

ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ ಸುಲಭ, ಆದರೆ ಅದನ್ನು ಎಚ್ಚರದಿಂದ ಬಳಸಿ. ಈ ಕಿಣ್ವದ ಮಟ್ಟ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಾಗುತ್ತದೆ. ಸಿಂಪಡಣೆಯ ಕಾಲಕ್ಕೆ ಮೊದಲು 'ಮೂಲಮಟ್ಟ' ಅಳೆದಿಟ್ಟುಕೊಳ್ಳದೆ, ಆಮೇಲೆ ಬಂದ ಒಂದು ಅಂಕಿಯನ್ನು ಪ್ರಯೋಗಾಲಯದ ಸಾಮಾನ್ಯ ಮಿತಿಯೊಡನೆ ಹೋಲಿಸುವುದರಿಂದ ಪ್ರಯೋಜನವಿಲ್ಲ. ಪ್ಲಾಸ್ಮಾದ ಕಿಣ್ವ ಯಕೃತ್ತಿನಲ್ಲಿ ತಯಾರಾಗುವುದರಿಂದ ಯಕೃತ್ತಿನ ಕಾಯಿಲೆಯಲ್ಲೂ ಕುಗ್ಗುತ್ತದೆ. ಕೆಂಪು ರಕ್ತಕಣದ ಕಿಣ್ವ ನರದ ಕಿಣ್ವಕ್ಕೆ ಹೆಚ್ಚು ಹತ್ತಿರ.

ಎಚ್ಚರಿಕೆ: ಮೂತ್ರದ ಮಾದರಿಯನ್ನು ಸಂಗ್ರಹಿಸಿದ ಕೂಡಲೇ ಮಂಜುಗಡ್ಡೆಯ ಡಬ್ಬಕ್ಕೆ ಹಾಕಿ, ಅದೇ ದಿನ ಶೈತ್ಯಾಗಾರ ಸೇರಿಸಿ. ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬಾರದ ಊರುಗಳಲ್ಲಿ ಮಾದರಿ ಇಡುವ ಯೋಚನೆಯನ್ನೇ ಮಾಡಬೇಡಿ. ಔಷಧಿ ಕಲಸುವ ಕೈಯಲ್ಲೇ ಮಾದರಿಯ ಶೀಶೆ ಹಿಡಿದರೆ ನೀವು ಅಳೆಯುವುದು ಕೈಯ ಮೇಲಿನದನ್ನು. ಮೊದಲು ಸೋಪಿನಲ್ಲಿ ಕೈ ತೊಳೆಸಿ.

ಹಂತ 6: ಮೆದುಳಿನ ಪರಿಣಾಮವನ್ನು ಅಳೆಯಿರಿ

ಶಿಶುಗಳಿಗೆ ಬೇಯ್ಲಿ (Bayley) ಎಂಬ ಬೆಳವಣಿಗೆಯ ಮಾಪಕ ಅಥವಾ ಭಾರತೀಯ ಶಿಶುಗಳಿಗಾಗಿ ರೂಪಿಸಿದ ಡಿಎಎಸ್‌ಐಐ, ಶಾಲಾ ಮಕ್ಕಳಿಗೆ ಮಾಲಿನ್ ಬುದ್ಧಿಮತ್ತೆ ಮಾಪಕ, ಪಾರ್ಕಿನ್ಸನ್‌ಗೆ ಯುಪಿಡಿಆರ್‌ಎಸ್ ಎಂಬ ಅಂಕಪಟ್ಟಿ ಬಳಕೆಯಲ್ಲಿವೆ. ಇವನ್ನು ತರಬೇತಿ ಪಡೆದವರೇ ಮಾಡಬೇಕು, ಮತ್ತು ಪರೀಕ್ಷೆ ಮಾಡುವವರಿಗೆ ಆ ವ್ಯಕ್ತಿಯ ಒಡ್ಡಿಕೆ ಹೆಚ್ಚೋ ಕಡಿಮೆಯೋ ಎಂಬುದು ತಿಳಿದಿರಬಾರದು. ಶಾಲೆಗೆ ಹೋಗದ ಹಿರಿಯರಿಗೆ ಓದು-ಬರಹ ಬೇಡುವ ನೆನಪಿನ ಪರೀಕ್ಷೆ ಕೊಟ್ಟು ಮರೆವಿನ ಕಾಯಿಲೆಯೆಂದು ದಾಖಲಿಸುವುದು ದೊಡ್ಡ ತಪ್ಪು. ಗ್ರಾಮೀಣ ಹಿರಿಯರ ಮೆದುಳಿನ ಆರೋಗ್ಯವನ್ನು ಕನ್ನಡದಲ್ಲೇ ಅಳೆಯುವ ಕ್ರಮ ತಿಳಿಯಲು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಸುತ್ತಿರುವ ದೀರ್ಘಕಾಲದ ಅಧ್ಯಯನದ ವಿಧಾನವನ್ನು ಓದಿಕೊಳ್ಳಿ.

ಹಂತ 7: ಅಡ್ಡಕಾರಣಗಳನ್ನು ಹುಡುಕಿ

ಅಡ್ಡಕಾರಣ ಎಂದರೆ ಒಡ್ಡಿಕೆಗೂ ಪರಿಣಾಮಕ್ಕೂ ಎರಡಕ್ಕೂ ಸಂಬಂಧಿಸಿದ್ದು ಇಲ್ಲದ ನಂಟನ್ನು ಇರುವಂತೆ, ಇರುವ ನಂಟನ್ನು ಇಲ್ಲದಂತೆ ತೋರಿಸುವ ಮೂರನೆಯ ಅಂಶ. ಮಕ್ಕಳಲ್ಲಿ ರಕ್ತಹೀನತೆ, ಸೀಸ, ಅಯೋಡಿನ್ ಕೊರತೆ, ಹೆರಿಗೆಯ ತೊಡಕುಗಳು, ತಾಯಿಯ ವಿದ್ಯಾಭ್ಯಾಸ, ಬಡತನ; ಹಿರಿಯರಲ್ಲಿ ಕುಟುಂಬದ ಇತಿಹಾಸ, ಮದ್ಯ, ಪಾರ್ಶ್ವವಾಯು, ನಡುಕ ತರಿಸುವ ಕೆಲವು ಮಾತ್ರೆಗಳು. ಧೂಮಪಾನಿಗಳಲ್ಲಿ ಪಾರ್ಕಿನ್ಸನ್ ಕಡಿಮೆ ಕಂಡುಬರುವುದರಿಂದ ಬೀಡಿ-ಸಿಗರೇಟಿನ ಪ್ರಶ್ನೆಯನ್ನು ಬಿಡುವಂತಿಲ್ಲ. ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾದ ಇತಿಹಾಸವನ್ನು, ಮೇಲೆ ಹೇಳಿದ 2020ರ ವರದಿಯ ಹಿನ್ನೆಲೆಯಲ್ಲಿ, ಪ್ರತ್ಯೇಕವಾಗಿ ಕೇಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಕೆಲವರಲ್ಲಿ ಎರಡನೇ ಹಂತದ ಜ್ವರದೊಡನೆ ನರಮಂಡಲವನ್ನೂ ಬಾಧಿಸುವುದರಿಂದ ಅದನ್ನೂ ದಾಖಲಿಸಿ.

ಈ ಹಂತವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಕೆಟ್ಟು ಜನ ನಡೆಯಲಾಗದಂತಾದಾಗ, ಗದ್ದೆಗೆ ಹೊಡೆದ ಕೀಟನಾಶಕ ಅಲ್ಲಿನ ಏಡಿ, ಮೀನುಗಳ ಮೂಲಕ ಬಡ ದಲಿತ ಕುಟುಂಬಗಳ ದೇಹ ಸೇರಿದ್ದೇ ಕಾರಣವೆಂಬ ಸಂದೇಹ ಬಲವಾಗಿತ್ತು. ಸಂದೇಹ ಅಸಹಜವೇನೂ ಆಗಿರಲಿಲ್ಲ, ಆ ಕಾಲದ ಕೀಟನಾಶಕಗಳು ನಿಜಕ್ಕೂ ಘೋರವಾಗಿದ್ದವು. ಆದರೆ ವಂಶಾವಳಿ ಮತ್ತು ಎಕ್ಸ್‌ರೇಗಳನ್ನು ಕೂಡಿಸಿ ನೋಡಿದ ಮುಂದಿನ ಅಧ್ಯಯನಗಳು ಅದು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ಕಾಯಿಲೆಯೆಂದು ತೋರಿಸಿದವು. ನೀವು ಅಧ್ಯಯನ ಮಾಡುವ ಪ್ರತಿ ಕುಟುಂಬದ ಮೂರು ತಲೆಮಾರಿನ ವಂಶಾವಳಿಯನ್ನು ಬರೆದುಕೊಳ್ಳಿ.

ಹಂತ 8: ಒಪ್ಪಿಗೆ ಪಡೆಯಿರಿ

ಒಬ್ಬರ ಒಂದು ಹನಿ ರಕ್ತ ತೆಗೆಯುವ ಮೊದಲು, ಒಂದು ಪ್ರಶ್ನೆ ಕೇಳುವ ಮೊದಲು ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ಓದಿ. ಮಕ್ಕಳ ವಿಷಯದಲ್ಲಿ ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಪಡೆಯಬೇಕು. ಒಪ್ಪಿಗೆ ಪತ್ರವನ್ನು ಮನೆಯಲ್ಲಿ ಆಡುವ ಕನ್ನಡದಲ್ಲಿ ಬರೆಯಿರಿ, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ. ತೋಟದ ಮಾಲೀಕರ ಮೂಲಕ ಕೆಲಸದವರನ್ನು ಕರೆಸಿಕೊಳ್ಳಬೇಡಿ. ಮಾಲೀಕರ ಎದುರು ಯಾರೂ ಒಲ್ಲೆ ಎನ್ನಲಾರರು. ಅವರ ಮನೆಗೇ ಹೋಗಿ.

ಹಂತ 9: ಅಂಕಿಗಳನ್ನು ಓದಿ, ಊರಿಗೆ ತಿಳಿಸಿ

ಅಧ್ಯಯನ ಆರಂಭಿಸುವ ಮೊದಲೇ ಯಾವ ಹೋಲಿಕೆಗಳನ್ನು ಮಾಡುತ್ತೀರೆಂದು ಬರೆದಿಡಿ. ಇಪ್ಪತ್ತು ಹೋಲಿಕೆ ಮಾಡಿದರೆ ಒಂದು ಆಕಸ್ಮಿಕವಾಗಿಯೇ ಸಂಬಂಧ ತೋರಿಸಬಹುದು. ಅದೊಂದನ್ನೇ ಎತ್ತಿ ಪ್ರಕಟಿಸುವುದು ಅಪ್ರಾಮಾಣಿಕತೆ.

ಮೇಲೆ ಹೇಳಿದ ಪ್ಯಾರಾಕ್ವಾಟ್ ವರದಿಯ 2.5 ಎಂಬ ಅನುಪಾತಕ್ಕೆ 1.4ರಿಂದ 4.7ರವರೆಗಿನ ವಿಶ್ವಾಸಾಂತರವಿತ್ತು. ಅಂಕಿಗೆ ಹೊಂದುವ ನಿಜವಾದ ಬೆಲೆ ಈ ಎರಡರ ನಡುವೆ ಎಲ್ಲಾದರೂ ಇರಬಹುದೆಂಬುದು ಇದರ ಸ್ಥೂಲ ಅರ್ಥ. ಈ ವ್ಯಾಪ್ತಿಯೊಳಗೆ 1 ಬಂದರೆ ಸಂಬಂಧವಿಲ್ಲದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಎರಡೂವರೆ ಪಟ್ಟು ಎಂದ ಮಾತ್ರಕ್ಕೆ ಸಿಂಪಡಿಸಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುತ್ತದೆಂದು ಅರ್ಥವಲ್ಲ, ಏಕೆಂದರೆ ಮೂಲದಲ್ಲೇ ಅದು ಕೆಲವರಿಗೆ ಮಾತ್ರ ಬರುವ ಕಾಯಿಲೆ. ಪತ್ರಿಕೆಗೆ ಕೊಡುವ ಹೇಳಿಕೆಯಲ್ಲಿ ಈ ಎರಡು ಮಾತೂ ಇರಲಿ. ಸಂಬಂಧದಿಂದ ಕಾರಣಕ್ಕೆ ಹೋಗುವಾಗ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಪಟ್ಟಿ ಮಾಡಿದ ಒಂಬತ್ತು ದೃಷ್ಟಿಕೋನಗಳ ಮೂಲಕ ನಿಮ್ಮ ಫಲಿತಾಂಶವನ್ನು ಹಾಯಿಸಿ: ಒಡ್ಡಿಕೆ ಮೊದಲು ಬಂತೇ, ಹೆಚ್ಚಾದಷ್ಟೂ ಪರಿಣಾಮ ಹೆಚ್ಚಿತೇ, ಬೇರೆ ಊರುಗಳಲ್ಲೂ ಹಾಗೆಯೇ ಕಂಡಿದೆಯೇ, ಜೀವವಿಜ್ಞಾನಕ್ಕೆ ಹೊಂದುತ್ತದೆಯೇ ಎಂಬವು ಅವುಗಳಲ್ಲಿ ಮುಖ್ಯ.

ಪ್ರಕಟಣೆಗೆ ಮೊದಲು ಭಾಗವಹಿಸಿದ ಮನೆಗಳಿಗೆ ಹಿಂತಿರುಗಿ. ಪ್ರತಿಯೊಬ್ಬರ ಫಲಿತಾಂಶವನ್ನು ಅವರಿಗೆ ಮಾತ್ರ, ಮುಚ್ಚಿದ ಲಕೋಟೆಯಲ್ಲಿ, ವೈದ್ಯರ ವಿವರಣೆಯೊಡನೆ ಕೊಡಿ. ಕೋಲಿನೆಸ್ಟರೇಸ್ ತನ್ನ ಮೂಲಮಟ್ಟದಿಂದ ತೀರಾ ಕುಸಿದಿರುವವರು ಕಂಡರೆ ಅಧ್ಯಯನ ಮುಗಿಯುವವರೆಗೆ ಕಾಯದೆ ಅಂದೇ ತಿಳಿಸಿ, ಸಿಂಪಡಣೆಯ ಕೆಲಸದಿಂದ ದೂರವಿರಲು ಹೇಳಿ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡಿ. ದಿನಗೂಲಿ ತಪ್ಪುವವರಿಗೆ ಆ ದಿನಗಳ ಕೂಲಿ ಹಾಗೂ ಬಸ್ಸಿನ ಖರ್ಚನ್ನು ಯೋಜನೆಯ ಆಯವ್ಯಯದಲ್ಲಿ ಮೊದಲೇ ಬರೆದಿಟ್ಟಿರಬೇಕು. ಬೆಳವಣಿಗೆಯಲ್ಲಿ ಹಿಂದುಳಿದ ಮಗು ಕಂಡರೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಬರೆದುಕೊಟ್ಟು, ಮುಂದಿನ ಭೇಟಿಯ ದಿನಾಂಕವನ್ನು ತಾಯಿಯ ಕೈಯಲ್ಲಿರುವ ತಾಯಿ ಕಾರ್ಡಿನಲ್ಲೇ ಗುರುತು ಹಾಕಿ.